ತೊಟ್ಟಿಕ್ಕುವ ವಾಲ್ವ್ ಬಾಯಿ ಮುಚ್ಚಿಸಿದ ಮನೆ: ಕುವೆಂಪುನಗರದ ಒಂದು ಗೀಸರ್ ಪ್ರಕರಣ

ಜನವರಿ ಮೊದಲ ವಾರ, ಬೆಳಗ್ಗೆ ಆರು ಗಂಟೆ ಹತ್ತು ನಿಮಿಷ. ಫೋನ್ ಮಾಡಿದ್ದು ಮೈಸೂರು ಕುವೆಂಪುನಗರದ ಒಬ್ಬರು ಮೇಷ್ಟ್ರು. ನಿವೃತ್ತರಾಗಿ ಏಳೆಂಟು ವರ್ಷ ಆಯಿತು, ಆದರೂ ಆ ಬೀದಿಗೆಲ್ಲ ಅವರು ಮೇಷ್ಟ್ರೇ. "ಪ್ರೆಶರ್ ಪಂಪ್ ನಿಲ್ತಾನೇ ಇರ್ಲಿಲ್ಲ ಕಣಪ್ಪ, ಬಚ್ಚಲ ತುಂಬಾ ಹೊಗೆ, ಏನೋ ಸುಟ್ಟುಹೋಗಿದೆ ಅನ್ಸುತ್ತೆ" ಅಂದರು. ನಲ್ಲಿ ಬಿಟ್ಟಾಗ ತಾನಾಗಿ ಓಡಿ, ಮುಚ್ಚಿದಾಗ ನಿಲ್ಲುವ ಆ ಪಂಪ್ ಇರೋದು ಟೆರೇಸ್ ಮೇಲೆ. ಅದು ಸುಟ್ಟರೆ ಕೆಳಗಿನ ಬಚ್ಚಲಲ್ಲಿ ಹೊಗೆ ಯಾಕೆ ಬರುತ್ತೆ? "ಸಾರ್, ಗೀಸರ್ ಆನ್ ಇತ್ತಾ?" ಅಂತ ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

ಬಚ್ಚಲಿಗೆ ಯಾರೂ ಹೋಗಬೇಡಿ, ಬಿಸಿನೀರಿನ ನಲ್ಲಿ ಮಾತ್ರ ಯಾವ ಕಾರಣಕ್ಕೂ ತಿರುಗಿಸಬೇಡಿ, ಬೋರ್ಡ್ ಹತ್ತಿರ ಹೋಗಿ ಗೀಸರ್ ಲೈನ್‌ನ ಕರೆಂಟ್ ಕಡಿಯುವ ಎಂಸಿಬಿ ಇಳಿಸಿ ಅಂತ ಹೇಳಿ ಗಾಡಿ ತೆಗೆದೆ. ಗೀಸರ್, ಪಂಪ್ ರಿಪೇರಿ ಕೆಲಸದಲ್ಲಿ ನನಗೆ 18 ವರ್ಷ ಆಯಿತು. ಕಾಯಿಲ್ ಹೋಗಿರೋದು, ಟ್ಯಾಂಕ್ ಲೀಕ್ ಆಗಿರೋದು, ಶಾಕ್ ಹೊಡೆದಿರೋದು ಎಲ್ಲ ನೋಡಿದ್ದೀನಿ. ಆದರೆ ಈ ಮನೆಯದನ್ನು ಪೂರ್ತಿ ಬರೆದಿಡಬೇಕು ಅನ್ನಿಸಿತು, ಯಾಕೆಂದರೆ ಇಲ್ಲಿ ಯಾರೂ ದಡ್ಡತನ ಮಾಡಿರಲಿಲ್ಲ. ಒಂದೊಂದು ಕೆಲಸಕ್ಕೂ ಒಂದೊಂದು ಒಳ್ಳೆಯ ಕಾರಣ ಇತ್ತು.

ಹೋಗಿ ನೋಡಿದರೆ ಬಚ್ಚಲಲ್ಲಿ ಇದ್ದದ್ದು ಹೊಗೆಯಲ್ಲ, ಹಬೆ. ಗೋಡೆ ಟೈಲ್ಸ್ ಮೇಲೆಲ್ಲ ನೀರು ಇಳಿಯುತ್ತಿತ್ತು. ಪ್ಲಾಸ್ಟಿಕ್ ಸೋಪ್ ಸ್ಟ್ಯಾಂಡ್ ಸೊಟ್ಟಗಾಗಿತ್ತು. ಗೀಸರ್ ಕೆಳಗಿನ ಮುಚ್ಚಳ ಒಂದು ಕಡೆ ಕಿತ್ತುಕೊಂಡು ನೇತಾಡುತ್ತಿತ್ತು, ಅಲ್ಲಿಂದ ಇನ್ನೂ ಬಿಸಿನೀರು ಸಣ್ಣಗೆ ಸುರಿಯುತ್ತಿತ್ತು. 25 ಲೀಟರ್‌ನ, 2000 ವ್ಯಾಟ್‌ನ ಗೀಸರ್, ಹಾಕಿ 11 ವರ್ಷ. ಮೇಷ್ಟ್ರ ಮಗನ ಪಾದದ ಮೇಲೆ ಬಿಸಿನೀರು ಎರಚಿ ಕೆಂಪಾಗಿತ್ತು. ಯಾರೋ ಅದರ ಮೇಲೆ ಟೂತ್‌ಪೇಸ್ಟ್ ಬಳಿದಿದ್ದರು. ಮೊದಲು ಅದನ್ನು ತೊಳೆಸಿ, ಇಪ್ಪತ್ತು ನಿಮಿಷ ತಣ್ಣೀರಿನ ನಲ್ಲಿ ಕೆಳಗೆ ಕಾಲು ಇಟ್ಟುಕೊಂಡು ಕೂರಪ್ಪಾ ಅಂತ ಕೂರಿಸಿದೆ. ದೇವರು ದೊಡ್ಡವನು, ಗುಳ್ಳೆ ಏಳಲಿಲ್ಲ.

ಆಗಿದ್ದು ಇಷ್ಟು. ಧನುರ್ಮಾಸ ಆದ್ದರಿಂದ ಅಜ್ಜಿ ಬೆಳಗಿನ ಜಾವವೇ ಸ್ನಾನ ಮಾಡಿ ದೇವಸ್ಥಾನಕ್ಕೆ ಹೋಗುತ್ತಿದ್ದರು. ಮೇಷ್ಟ್ರ ತಾಯಿ, 84 ವರ್ಷ, ಪಾಂಡವಪುರದ ಕಡೆಯವರು. ಮೇಷ್ಟ್ರ ಸೊಸೆ ಎಂದಿನಂತೆ ನಾಲ್ಕೂವರೆಗೆ ಗೀಸರ್ ಸ್ವಿಚ್ ಹಾಕಿದರು. ಅವತ್ತು ಅಜ್ಜಿಗೆ ಕೆಮ್ಮು. ಇವತ್ತು ಬೇಡ ಬುಡು ಅಂತ ಮಗ್ಗುಲಾದರು. ಚಳಿ ಬೇರೆ. ಸೊಸೆಯೂ ಹೋಗಿ ಮಲಗಿದರು. ಸ್ವಿಚ್ ಹಾಗೇ ಉಳಿಯಿತು. ಐದು ಮುಕ್ಕಾಲು ದಾಟಿದ ಮೇಲೆ ಟೆರೇಸ್ ಮೇಲೆ ಪಂಪ್ ಗುಂಯ್ ಅಂತ ಶುರುವಾಯಿತು, ನಿಲ್ಲಲೇ ಇಲ್ಲ. ಯಾರೂ ನಲ್ಲಿ ಬಿಟ್ಟಿಲ್ಲ. ಮಗ ಎದ್ದು ಮೊದಲು ಪಂಪ್ ಆಫ್ ಮಾಡಿದ. ಮಾಡಿದ ತಕ್ಷಣ ಬಚ್ಚಲಿಂದ ಬುಸ್ ಅನ್ನೋ ಸದ್ದು ಇನ್ನೂ ಜಾಸ್ತಿ ಆಯಿತು. ಒಳಗೆ ಇಣುಕಿದ, ಕಾಲಿಗೆ ನೀರು ಬಿತ್ತು.

ಪಂಪ್ ಆಫ್ ಮಾಡಿದರೆ ಹಬೆ ಯಾಕೆ ಜಾಸ್ತಿ ಆಗುತ್ತೆ? ಇದು ಅರ್ಥವಾದರೆ ಇಡೀ ಪ್ರಕರಣ ಅರ್ಥವಾದ ಹಾಗೆ. ಆಮೇಲೆ ಹೇಳ್ತೀನಿ.

ಗೀಸರ್ ಇಳಿಸಿ ಹಿಂಬದಿ ಅಂಗಳಕ್ಕೆ ತಂದು ಬಿಚ್ಚಿದೆ. ಮೊದಲು ಸಿಕ್ಕಿದ್ದು ಥರ್ಮೋಸ್ಟಾಟ್. ನೀರು ಗೊತ್ತುಮಾಡಿದ ಬಿಸಿಗೆ ಬಂದಾಗ ಕರೆಂಟ್ ಕಡಿಯೋದು ಇದರ ಕೆಲಸ. ಒಳಗಿನ ಎರಡು ಕಾಂಟ್ಯಾಕ್ಟ್ ಕರಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ದಿನಾ ಸಾವಿರಾರು ವ್ಯಾಟ್ ಹಾಕಿ ತೆಗೆದು ಮಾಡುವ ಕಾಂಟ್ಯಾಕ್ಟ್, ಕಿಡಿ ಹಾರಿ ಹಾರಿ ಒಂದು ದಿನ ವೆಲ್ಡ್ ಆಗೋದು ಹೊಸದೇನಲ್ಲ. ಥರ್ಮೋಸ್ಟಾಟ್ ಕೆಡುತ್ತೆ ಅಂತ ಗೊತ್ತಿರೋದರಿಂದಲೇ ಅದರ ಹಿಂದೆ ಕಟ್‌ಔಟ್ ಅಂತ ಇನ್ನೊಂದನ್ನು ಇಟ್ಟಿರುತ್ತಾರೆ. ಬಿಸಿ ಮಿತಿ ಮೀರಿದರೆ ಅದು ತಾನಾಗಿ ಕರೆಂಟ್ ಕಡಿದು ಕೂರುತ್ತೆ, ಗುಂಡಿ ಒತ್ತಿದರೆ ಮಾತ್ರ ಮತ್ತೆ ಸೇರುತ್ತೆ.

ಈ ಗೀಸರ್‌ನಲ್ಲಿ ಕಟ್‌ಔಟ್ ಡೈರೆಕ್ಟ್ ಮಾಡಿದ್ದರು. ಕರೆಂಟ್ ಅದನ್ನು ಬಿಟ್ಟು ನೇರ ಹರಿಯೋ ಹಾಗೆ ಎರಡು ವೈರ್ ತಿರುಚಿ, ಟೇಪ್ ಸುತ್ತಿ, ಅಷ್ಟೇ.

ನಮ್ಮ ಕೆಲಸದವರಿಗೆ "ಡೈರೆಕ್ಟ್ ಮಾಡೋದು" ಅನ್ನೋ ಮಾತು ನೀರು ಕುಡಿದಷ್ಟು ಸುಲಭ. ಟೈಮರ್ ಕೆಟ್ಟರೆ ಡೈರೆಕ್ಟ್, ಸೆನ್ಸರ್ ಕೆಟ್ಟರೆ ಡೈರೆಕ್ಟ್. ನಾನೂ ಮಾಡಿದ್ದೀನಿ, ಸುಳ್ಳು ಯಾಕೆ ಹೇಳಲಿ. ಆದರೆ ಗೀಸರ್ ಕಟ್‌ಔಟ್ ಯಾವತ್ತೂ ಮುಟ್ಟಿಲ್ಲ. ಇಲ್ಲಿ ಯಾರು ಮಾಡಿದ್ದು, ಯಾಕೆ ಅಂತ ಕೇಳಿದಾಗ ಮೇಷ್ಟ್ರ ಹೆಂಡತಿ ಹೇಳಿದರು: ದೀಪಾವಳಿಗೆ ಮನೆ ತುಂಬಾ ನೆಂಟರು, ಎಣ್ಣೆ ಸ್ನಾನದ ಹೊತ್ತಿಗೆ ಸರಿಯಾಗಿ ಗೀಸರ್ ಕೈ ಕೊಟ್ಟಿತು. ಒಬ್ಬ ಮೆಕ್ಯಾನಿಕ್ ಬಂದು ಗುಂಡಿ ಒತ್ತಿ ಹೋದ. ಹತ್ತು ದಿನಕ್ಕೆ ಮತ್ತೆ ಹಾಗೇ. ಮೂರನೇ ಸಲ ಬಂದವನು "ಅಮ್ಮಾ, ಇನ್ನು ನಿಮಗೆ ತೊಂದರೆನೇ ಇರಲ್ಲ" ಅಂದನಂತೆ. ತೊಂದರೆ ಹೇಳುವವನ ಬಾಯಿ ಕಟ್ಟಿದ ಮೇಲೆ ತೊಂದರೆ ಎಲ್ಲಿಂದ ಕೇಳಿಸಬೇಕು! ಕಟ್‌ಔಟ್ ಮೂರು ಸಲ ಬಿದ್ದಿದೆ ಅಂದರೆ ಥರ್ಮೋಸ್ಟಾಟ್ ಮೂರು ಸಲ ಅಂಟಿಕೊಂಡಿದೆ ಅಂತ ಅರ್ಥ. ಬದಲಾಯಿಸಬೇಕಿದ್ದದ್ದು ಅದನ್ನು.

ಹಾಗಾದರೆ ದೀಪಾವಳಿಯಿಂದ ಜನವರಿವರೆಗೆ ಏನೂ ಆಗಲಿಲ್ಲವಲ್ಲ, ಯಾಕೆ? ಆ ಮನೆಯ ಸೊಸೆ ದಿನಾ ಅರ್ಧ ಗಂಟೆಗೆ ಸರಿಯಾಗಿ ಸ್ವಿಚ್ ಆಫ್ ಮಾಡುತ್ತಿದ್ದರು. ಎರಡು ತಿಂಗಳು ಆ ಹುಡುಗಿಯ ಕೈಯೇ ಥರ್ಮೋಸ್ಟಾಟ್ ಆಗಿತ್ತು, ಪಾಪ, ಅದು ಅವಳಿಗೂ ಗೊತ್ತಿರಲಿಲ್ಲ. ಒಂದು ದಿನ ಮರೆತಳು.

ಇನ್ನು ವಾಲ್ವ್ ಕಥೆ. ಗೀಸರ್‌ಗೆ ತಣ್ಣೀರು ಒಳಗೆ ಹೋಗುವ ಜಾಗದಲ್ಲಿ ಒಂದು ಸೇಫ್ಟಿ ವಾಲ್ವ್ ಇರುತ್ತೆ, ಚಿಕ್ಕ ಲಿವರ್ ಇರೋದು, ಎಂಎಫ್‌ವಿ ಅಂತಾರೆ. ಒಳಗೆ ಒತ್ತಡ ಜಾಸ್ತಿ ಆದರೆ ಸ್ವಲ್ಪ ನೀರು ಹೊರಗೆ ಬಿಟ್ಟು ಟ್ಯಾಂಕ್ ಕಾಪಾಡುತ್ತೆ. ಈ ಮನೆಯಲ್ಲಿ ಆ ಜಾಗದಲ್ಲಿ ಬರೀ ಹಿತ್ತಾಳೆ ನಿಪ್ಪಲ್, ಅಂದರೆ ಪೈಪ್ ಸೇರಿಸುವ ತುಂಡು, ಇತ್ತು. ಎರಡು ವರ್ಷದ ಹಿಂದೆ ಶವರ್‌ನಲ್ಲಿ ನೀರು ಜೋರಾಗಿ ಬರಲಿ ಅಂತ ಪ್ರೆಶರ್ ಪಂಪ್ ಹಾಕಿಸಿದರಂತೆ. ಹಾಕಿದ ವಾರದಲ್ಲೇ ವಾಲ್ವ್ ತೊಟ್ಟಿಕ್ಕೋಕೆ ಶುರುವಾಯಿತು. ಯಾವಾಗ ನೋಡಿದರೂ ಬಚ್ಚಲು ಒದ್ದೆ. ಅಜ್ಜಿ ಜಾರಿ ಬಿದ್ದರೆ ಏನು ಗತಿ ಅಂತ ಪ್ಲಂಬರ್ ಕರೆಸಿದರು. ಅವನು ವಾಲ್ವ್ ಬಿಚ್ಚಿ, ನಿಪ್ಪಲ್ ಹಾಕಿ, ಟೆಫ್ಲಾನ್ ಟೇಪ್ ಸುತ್ತಿ ಬಿಗಿ ಮಾಡಿ ಹೋದ. ನೆಲ ಒಣಗಿತು. ಅಜ್ಜಿಯ ಸೊಂಟ ಉಳಿಯಿತು. ಯಾರು ತಾನೆ ತಪ್ಪು ಅಂತಾರೆ?

ಆ ವಾಲ್ವ್ ಕೆಟ್ಟು ತೊಟ್ಟಿಕ್ಕುತ್ತಿರಲಿಲ್ಲ. ನೀರು ಕಾದರೆ ಹಿಗ್ಗುತ್ತೆ. 25ರಿಂದ 65 ಡಿಗ್ರಿಗೆ ಹೋದರೆ ಸುಮಾರು 1.7 ಪರ್ಸೆಂಟ್. 25 ಲೀಟರ್‌ಗೆ 400 ಮಿಲಿ, ಅಂದರೆ ಎರಡು ಲೋಟ. ಪಂಪ್ ಹಾಕೋ ಮುಂಚೆ ಆ ಎರಡು ಲೋಟ ನೀರಿಗೆ ಎಲ್ಲೋ ದಾರಿ ಸಿಗುತ್ತಿತ್ತು. ಪಂಪ್ ಜೊತೆಗೆ ನೀರು ವಾಪಸ್ ಹೋಗದ ಹಾಗೆ ಎನ್‌ಆರ್‌ವಿ ಅನ್ನೋ ಒಮ್ಮುಖ ವಾಲ್ವ್ ಬಂತು, ಲೈನ್ ಪೂರ್ತಿ ಬಂದ್. ಹಿಗ್ಗಿದ ನೀರು ವಾಲ್ವ್‌ನಿಂದ ಹೊರಬಂತು. ಅದು ಬರಲೇಬೇಕಾದ ನೀರು. ಅದನ್ನೂ ಮುಚ್ಚಿದ ಮೇಲೆ ಆ ಒತ್ತಡ ಇನ್ನೆಲ್ಲಿ ಹೋಗಬೇಕು ಹೇಳಿ. ಒಂದು ವರ್ಷದಲ್ಲಿ ಶವರ್ ಮಿಕ್ಸರ್‌ನ ಸ್ಪಿಂಡಲ್ ಎರಡು ಸಲ ಬದಲಾಯಿಸಿದ್ದರು, ಕನೆಕ್ಷನ್ ಪೈಪ್ ಒಂದು ಸಲ ಒಡೆದಿತ್ತು. ಅದನ್ನೆಲ್ಲ "ಈಗ ಬರೋ ಮಾಲೇ ಸರಿ ಇಲ್ಲ" ಅಂತ ಸುಮ್ನೆ ಬಿಟ್ಟಿದ್ದರು.

ಅಂಗಳದಲ್ಲಿ ಇಷ್ಟು ಹೇಳುವಷ್ಟರಲ್ಲಿ ಮೇಷ್ಟ್ರು ಕಳೆದ ವರ್ಷದ ಕ್ಯಾಲೆಂಡರ್ ಹಾಳೆ ಹರಿದು ಹಿಂದುಗಡೆ ಲೆಕ್ಕ ಶುರು ಮಾಡಿದ್ದರು. ಅವರು ಗಣಿತ, ವಿಜ್ಞಾನದ ಮೇಷ್ಟ್ರು. 25 ಕೆಜಿ ನೀರಿಗೆ ಒಂದು ಡಿಗ್ರಿ ಏರಿಸೋಕೆ ಸುಮಾರು 105 ಕಿಲೋಜೂಲ್ ಬೇಕು, 2000 ವ್ಯಾಟ್ ಕಾಯಿಲ್ ಅದನ್ನು 52 ಸೆಕೆಂಡ್‌ನಲ್ಲಿ ಕೊಡುತ್ತೆ. ಚಳಿಗಾಲದ ನೀರು 22 ಡಿಗ್ರಿ ಅಂತ ಹಿಡಿಯಿರಿ. 60ಕ್ಕೆ ಬರೋಕೆ 33 ನಿಮಿಷ. ಅಲ್ಲಿಗೆ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಮೈಸೂರು ಸಮುದ್ರಮಟ್ಟದಿಂದ 770 ಮೀಟರ್ ಎತ್ತರದಲ್ಲಿದೆ, ಇಲ್ಲಿ ಪಾತ್ರೆಯ ನೀರು 97 ಡಿಗ್ರಿ ದಾಟುತ್ತಲೇ ಕುದಿಯುತ್ತೆ. ಆ ಬಿಸಿಗೆ 65 ನಿಮಿಷ. ನಾಲ್ಕೂವರೆಗೆ ಹಾಕಿದ್ದು ಐದೂ ಮುವ್ವತ್ತೈದಕ್ಕೆ ಕುದಿಯಬೇಕಿತ್ತು. ಆದರೆ ಪಂಪ್ ಗೇಜ್ 2 ಬಾರ್ ತೋರಿಸುತ್ತಿತ್ತು. ಅಷ್ಟು ಒತ್ತಡದಲ್ಲಿ ನೀರು 130 ಡಿಗ್ರಿ ದಾಟೋವರೆಗೂ ಕುದಿಯಲ್ಲ. ಸದ್ದಿಲ್ಲ, ಹಬೆ ಇಲ್ಲ, ಸುಮ್ಮನೆ ಏರುತ್ತಾ ಹೋಗುತ್ತೆ. ಐದು ಐವತ್ತಕ್ಕೆ ಲೆಕ್ಕದ ಪ್ರಕಾರ 114. ಹೊರಗೆ ಹೋದ ಶಾಖ ಕಳೆದರೆ 110ರ ಹತ್ತಿರ ಇದ್ದಿರಬೇಕು ಅಂತ ಮೇಷ್ಟ್ರು ಅಡಿಗೆರೆ ಎಳೆದರು.

110 ಡಿಗ್ರಿಯ ನೀರು ನೀರಾಗಿ ಇರೋದು ಒತ್ತಡ ಇರುವ ತನಕ ಮಾತ್ರ. ಒತ್ತಡ ತೆಗೆದ ಕ್ಷಣ ಅದರಲ್ಲಿ ಒಂದು ಪಾಲು ಹಬೆಯಾಗಿಬಿಡುತ್ತೆ. ಮಗ ಪಂಪ್ ಆಫ್ ಮಾಡಿದಾಗ ಬುಸ್ ಅಂದಿದ್ದು ಅದೇ. 25 ಲೀಟರ್‌ನಲ್ಲಿ ಅರ್ಧ ಲೀಟರ್ ಚಿಲ್ಲರೆ ಹಬೆಯಾದರೂ ಅದಕ್ಕೆ ಸಾವಿರ ಲೀಟರ್ ಜಾಗ ಬೇಕು. ಇನ್ನೂ ಮುಕ್ಕಾಲು ಗಂಟೆ ಬಿಟ್ಟು ನೀರು 150ಕ್ಕೆ ಹೋಗಿ ಟ್ಯಾಂಕ್ ಒಡೆದಿದ್ದರೆ ಎರಡೂವರೆ ಲೀಟರ್ ನೀರು ಒಂದೇ ಏಟಿಗೆ ಹಬೆ, ನಾಲ್ಕು ಸಾವಿರ ಲೀಟರ್‌ಗಿಂತ ಜಾಸ್ತಿ. ಆ ಬಚ್ಚಲು ಐದಡಿ ಅಗಲ, ಏಳಡಿ ಉದ್ದ. ಮೇಷ್ಟ್ರು ಪೆನ್ನು ಮುಚ್ಚಿ ಜೇಬಿಗಿಟ್ಟರು.

ಬಿಸಿನೀರಿನ ನಲ್ಲಿ ತಿರುಗಿಸಬೇಡಿ ಅಂತ ನಾನು ಫೋನ್‌ನಲ್ಲಿ ಹೇಳಿದ್ದು ಇದಕ್ಕೇ. ನಲ್ಲಿಯಲ್ಲಿ ನೀರಿಗೆ ಬದಲು ಹಬೆ ಕಕ್ಕುತ್ತಿದ್ದರೆ, ಗೀಸರ್ ಒಳಗೆ ಗೊಳಗೊಳ ಸದ್ದು ಬರುತ್ತಿದ್ದರೆ, ತಣ್ಣೀರು ಪೈಪೂ ಬಿಸಿಯಾಗಿದ್ದರೆ, ನಲ್ಲಿ ಬಿಟ್ಟು ಒತ್ತಡ ಇಳಿಸೋಣ ಅನ್ನಿಸುತ್ತೆ. ಬೇಡ. ಕರೆಂಟ್ ಮಾತ್ರ ತೆಗೆಯಿರಿ, ಅದೂ ಬಚ್ಚಲಿನ ಸ್ವಿಚ್‌ನಲ್ಲಿ ಅಲ್ಲ, ಬೋರ್ಡ್‌ನಲ್ಲಿ. ಬಾಗಿಲು ಎಳೆದುಕೊಂಡು ಹೊರಗೆ ಬನ್ನಿ, ಗಂಟೆಗಟ್ಟಲೆ ಆರಲಿ.

ಸರಿ, ಥರ್ಮೋಸ್ಟಾಟ್ ಅಂಟಿತ್ತು, ಕಟ್‌ಔಟ್ ಇರಲಿಲ್ಲ, ವಾಲ್ವ್ ಇರಲಿಲ್ಲ. ಮತ್ತೆ ಟ್ಯಾಂಕ್ ಯಾಕೆ ಒಡೆಯಲಿಲ್ಲ? ಟ್ಯಾಂಕ್‌ಗೆ ಬಿಗಿದಿದ್ದ ಒಂದು ಹಿತ್ತಾಳೆ ಪ್ಲಗ್ ಬಿಚ್ಚಿ ಮೇಷ್ಟ್ರ ಕೈಗೆ ಕೊಟ್ಟೆ. ನಡುವೆ ಸಣ್ಣ ತೂತು. ಫ್ಯೂಸಿಬಲ್ ಪ್ಲಗ್ ಅಂತ ಅದರ ಹೆಸರು. ಆ ತೂತಿನಲ್ಲಿ ಬೇಗ ಕರಗುವ ಮಿಶ್ರಲೋಹ ತುಂಬಿರುತ್ತಾರೆ, ಬಿಸಿ ಮಿತಿ ಮೀರಿದರೆ ಕರಗಿ ದಾರಿ ಬಿಡುತ್ತೆ. ಕುಕ್ಕರ್ ಮುಚ್ಚಳದಲ್ಲಿ ವಿಷಲ್ ಪಕ್ಕ ಇರೋ ಸೇಫ್ಟಿ ವಾಲ್ವ್ ಇದೆಯಲ್ಲ, ಅದರ ಜಾತಿಯದೇ. ಅದು ಕರಗಿ ನೀರು ಹೊರಗೆ ನುಗ್ಗಿತು, ಪಂಪ್ ಓಡಿತು, ಮನೆಯವರು ಎದ್ದರು. ಅದೊಂದು ಯಾಕೆ ಉಳಿದಿತ್ತು ಅಂದರೆ, ಅದು ಯಾವತ್ತೂ ತೊಟ್ಟಿಕ್ಕಿರಲಿಲ್ಲ, ಟ್ರಿಪ್ ಆಗಿರಲಿಲ್ಲ, ಯಾರಿಗೂ ಕಿರಿಕಿರಿ ಮಾಡಿರಲಿಲ್ಲ. ಹಾಗಾಗಿ ಯಾರೂ ಕಿತ್ತುಹಾಕಿರಲಿಲ್ಲ. ಇನ್ನೊಂದು ಮನೆಯಲ್ಲಿ ಈ ಪ್ಲಗ್ ಲೀಕ್ ಅಂತ ಹಾರ್ಡ್‌ವೇರ್ ಅಂಗಡಿಯ ಡಮ್ಮಿ ಹಾಕಿರೋದನ್ನೂ ನೋಡಿದ್ದೀನಿ.

ಮೇಷ್ಟ್ರ ಮಗನಿಗೆ ಒಂದೇ ಅನುಮಾನ. "ಅಣ್ಣ, ಒಳ್ಳೆ ಎಂಸಿಬಿ ಹಾಕ್ಸಿದ್ದೀವಿ, ಅದ್ಯಾಕೆ ಬೀಳಲಿಲ್ಲ?" ಎಂಸಿಬಿ ನೋಡೋದು ಕರೆಂಟ್ ಎಷ್ಟು ಹರಿಯುತ್ತೆ ಅಂತ, ನೀರು ಎಷ್ಟು ಬಿಸಿ ಅಂತ ಅಲ್ಲ. 2000 ವ್ಯಾಟ್ ಅಂದರೆ 230 ವೋಲ್ಟ್‌ಗೆ 8.7 ಆಂಪ್ಸ್. ನೀರು 30 ಡಿಗ್ರಿ ಇದ್ದಾಗಲೂ ಅಷ್ಟೇ, 110 ಇದ್ದಾಗಲೂ ಅಷ್ಟೇ. 16 ಆಂಪ್ಸ್‌ನ ಎಂಸಿಬಿಗೆ ಎಲ್ಲ ಸರಿಯಾಗೇ ಕಂಡಿದೆ. 30 ಮಿಲಿಆಂಪ್ಸ್‌ನ ಆರ್‌ಸಿಸಿಬಿ ಶಾಕ್‌ನಿಂದ ಉಳಿಸುತ್ತೆ, ಗೀಸರ್ ಲೈನ್‌ಗೆ ಅದು ಬೇಕೇ ಬೇಕು, ಆದರೆ ಅದಕ್ಕೂ ಬಿಸಿ ಗೊತ್ತಾಗಲ್ಲ.

ಇನ್ನೊಂದು ಮಾತು, ಸ್ವಲ್ಪ ಪಕ್ಕದ್ದು. ಗೃಹಜ್ಯೋತಿ ಬಂದ ಮೇಲೆ ಈ ಮನೆಗೆ ಶೂನ್ಯ ಬಿಲ್. ಒಳ್ಳೆಯದೇ. ಆದರೆ ಮುಂಚೆ ಬಿಲ್ ಜಾಸ್ತಿ ಬಂದರೆ ಗೀಸರ್ ಯಾಕೋ ಜಾಸ್ತಿ ಎಳೀತಿದೆ ಅಂತ ಯಾರಾದರೂ ಫೋನ್ ಮಾಡುತ್ತಿದ್ದರು. ಈಗ ಚೀಟಿಯಲ್ಲಿ ಸೊನ್ನೆ ನೋಡಿ ಮಡಚಿಡುತ್ತಾರೆ, ಯೂನಿಟ್ ಎಷ್ಟು ಅಂತ ಯಾರೂ ಓದಲ್ಲ. ಆ ಸಣ್ಣ ಸುಳಿವೂ ಹೋಯಿತು.

ಇಷ್ಟೆಲ್ಲ ನಡೆಯುವಾಗ ಅಜ್ಜಿ ಜಗಲಿ ಮೇಲೆ ಶಾಲು ಹೊದ್ದು ಕೂತಿದ್ದರು. "ನೀರ್ ಕಾಯ್ಸಕ್ಕೆ ಇಷ್ಟೆಲ್ಲಾ ಬೇಕೇನಪ್ಪ? ನಮ್ಮೂರ ಹಂಡೆ ಒಂದಿನಾನೂ ಹಿಂಗ್ ಮಾಡ್ನಿಲ್ಲ ಕಣ" ಅಂದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ, ಅಜ್ಜಿ ಹೇಳಿದ್ದು ನೂರಕ್ಕೆ ನೂರು ಸರಿ. ಹಂಡೆಗೆ ಬಾಯಿ ಇದೆ. ತೆಂಗಿನ ಮಟ್ಟೆ ಎಷ್ಟು ಬೇಕಾದರೂ ತುರುಕಿ, ನೀರು ಕುದಿಯುತ್ತೆ, ಮುಚ್ಚಳ ಕುಣಿಯುತ್ತೆ, ಹಬೆ ಮಾಡಿಗೆ ಹೋಗುತ್ತೆ, ಅಲ್ಲಿಗೆ ಮುಗಿಯಿತು. ನೂರು ಡಿಗ್ರಿ ದಾಟೋದೇ ಇಲ್ಲ. ಮೈಸೂರಿನ ಟೆರೇಸ್‌ಗಳ ಮೇಲಿನ ಸೋಲಾರ್ ಟ್ಯಾಂಕ್‌ಗಳಿಗೂ ಇದೇ ಕಾರಣಕ್ಕೆ ಮೇಲೆ ಗಾಳಿ ಕೊಳವೆ ಬಿಟ್ಟಿರುತ್ತಾರೆ. ಬೇಸಿಗೆ ರಜೆಗೆ ಊರಿಗೆ ಹೋದಾಗ ನೀರು ಬಳಸುವವರಿಲ್ಲ, ಬಿಸಿಲಿಗೆ ಸ್ವಿಚ್ ಇಲ್ಲ, ಹಬೆ ಹೋಗೋಕೆ ಆ ಕೊಳವೆಯೇ ಬಾಯಿ. ನೀರು ಉಕ್ಕಿ ಟೆರೇಸ್ ಹಾಳಾಗುತ್ತೆ ಅಂತ ಅದಕ್ಕೂ ಎಂಡ್ ಕ್ಯಾಪ್ ಹಾಕಿಸಿಕೊಂಡವರಿದ್ದಾರೆ. ದಯವಿಟ್ಟು ನಿಮ್ಮದನ್ನು ಇವತ್ತೇ ಮೇಲೆ ಹತ್ತಿ ನೋಡಿ.

ಹಳೇ ಗೀಸರ್ ರಿಪೇರಿ ಮಾಡಿ ಅಂತ ಮೇಷ್ಟ್ರ ಹೆಂಡತಿ ಕೇಳಿದರು. ಆಗಲ್ಲ ಅಂದೆ. ಅಷ್ಟು ಬಿಸಿ, ಅಷ್ಟು ಒತ್ತಡ ಕಂಡ 11 ವರ್ಷದ ಟ್ಯಾಂಕ್‌ನ ವೆಲ್ಡಿಂಗ್ ನಾನು ನಂಬಲ್ಲ. ಬೋರ್‌ವೆಲ್ ನೀರಿಗೆ ಕಾಯಿಲ್ ಮೇಲೆ ಬೆರಳು ದಪ್ಪ ಸುಣ್ಣ ಕಟ್ಟಿತ್ತು, ಟ್ಯಾಂಕ್ ತುಕ್ಕು ಹಿಡಿಯದಿರಲಿ ಅಂತ ಒಳಗೆ ಇಡುವ ಮೆಗ್ನೀಷಿಯಂ ಆನೋಡ್ ರಾಡ್ ಸವೆದು ತಂತಿ ಮಾತ್ರ ಉಳಿದಿತ್ತು. ಗೀಸರ್‌ಗಳ ಭಾರತೀಯ ಮಾನಕ ಐಎಸ್ 2082ರ ಗುರುತು ಇರುವ, 8 ಬಾರ್ ತಡೆಯುವ 15 ಲೀಟರ್‌ನದು ಹಾಕಿದೆ. ಐದು ಜನಕ್ಕೆ ಒಬ್ಬೊಬ್ಬರಾಗಿ ಸ್ನಾನ ಮಾಡಿದರೆ ಅಷ್ಟು ಸಾಕು. ಜೊತೆಗೆ ಬಂದ ವಾಲ್ವ್ ಅನ್ನು ಹಾಕಿ, ಅದರ ಬಾಯಿಗೆ ಒಂದು ಸಣ್ಣ ಪೈಪ್ ಕೊಟ್ಟು, ಗೋಡೆ ಗುಂಟ ಇಳಿಸಿ ನೆಲದ ಜಾಲರಿ ಹತ್ತಿರ ಬಿಟ್ಟೆ. ಎರಡು ವರ್ಷದ ಹಿಂದೆ ಅರ್ಧ ಗಂಟೆಯಲ್ಲಿ ಮುಗಿಯುತ್ತಿದ್ದ ಕೆಲಸ ಇದು. ನೆಲವೂ ಒಣಗಿರುತ್ತಿತ್ತು, ಅಜ್ಜಿಯೂ ಜಾರುತ್ತಿರಲಿಲ್ಲ. ಆ ಪೈಪಿಗೆ ಮಧ್ಯ ಎಲ್ಲೂ ನಲ್ಲಿ ಹಾಕಬಾರದು, ತುದಿ ಮುಚ್ಚಬಾರದು, ಅಷ್ಟು ನೋಡಿಕೊಳ್ಳಿ ಅಂದೆ. ಸ್ವಿಚ್ ಬಚ್ಚಲಿನ ಹೊರಗೆ ಬಂತು, ಕೆಂಪು ದೀಪ ಇರೋದು, ಅಡುಗೆಮನೆಯಿಂದ ಕಾಣುತ್ತೆ.

ಥರ್ಮೋಸ್ಟಾಟ್ 60ರ ಒಳಗೆ ಇಟ್ಟೆ. 60 ಡಿಗ್ರಿ ನೀರು ದೊಡ್ಡವರ ಚರ್ಮವನ್ನೇ ಐದು ಸೆಕೆಂಡ್‌ನಲ್ಲಿ ಆಳವಾಗಿ ಸುಡುತ್ತೆ, ಮಕ್ಕಳದು, ವಯಸ್ಸಾದವರದು ಇನ್ನೂ ಬೇಗ. ಹಾಗಂತ 40ಕ್ಕೆ ಇಳಿಸಿಬಿಡೋಣ ಅನ್ನೋದೂ ಸರಿಯಲ್ಲ, 20ರಿಂದ 45 ಡಿಗ್ರಿ ನಡುವೆ ನಿಂತ ನೀರಲ್ಲಿ ಲೀಜಿಯೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯುತ್ತೆ. ಬಿಸಿ ಟ್ಯಾಂಕ್‌ನಲ್ಲಿರಲಿ, ಬಕೆಟ್‌ಗೆ ಮೊದಲು ತಣ್ಣೀರು ಬಿಟ್ಟು ಆಮೇಲೆ ಬಿಸಿನೀರು ಬೆರೆಸಿ.

ವಾಲ್ವ್ ಮೊದಲ ದಿನವೇ ತೊಟ್ಟಿಕ್ಕಿತು. ಸೊಸೆ ಕೆಳಗೆ ಲೋಟ ಹಿಡಿದು ಅಳೆದರಂತೆ, ಒಂದು ಸಲ ಕಾಯಿಸಿದರೆ ಸುಮಾರು ಒಂದು ಲೋಟ. 15 ಲೀಟರ್‌ಗೆ ಅಷ್ಟೇ ಬರಬೇಕು. ಸುಮ್ಮನೆ ಸುರಿಯುತ್ತಲೇ ಇದ್ದರೆ, ಗೀಸರ್ ಆರಿದಾಗಲೂ ನಿಲ್ಲದಿದ್ದರೆ ಮಾತ್ರ ಫೋನ್ ಮಾಡಿ ಅಂತ ಹೇಳಿ ಬಂದೆ.

ಫೋನ್ ಬಂದದ್ದು ಮಾರ್ಚ್ ಕೊನೆಗೆ. ನಲ್ಲಿ ನೀರು ಕಮ್ಮಿಯಾಗಿ ಮತ್ತೆ ಬೋರ್ ನೀರು ಬಿಡುತ್ತಿದ್ದ ದಿನಗಳು. ಮೇಷ್ಟ್ರು ಮಾತಾಡಿದರು, ದನಿಯಲ್ಲಿ ಗಾಬರಿ. "ಲೇ, ನಾಲ್ಕು ದಿನದಿಂದ ವಾಲ್ವ್ ತೊಟ್ಟಿಕ್ತಾನೇ ಇಲ್ಲ. ಗೀಸರ್ ಹಾಕದೆ ಸ್ಟೌವ್ ಮೇಲೆ ಕಾಯಿಸ್ಕೊಂಡು ಮೀತಿದ್ದೀವಿ, ಬಂದು ನೋಡಪ್ಪ."

ಹೋದೆ. ಸುಣ್ಣ ಕಟ್ಟಿ ವಾಲ್ವ್‌ನ ಸ್ಪ್ರಿಂಗ್ ಹಿಡಿದುಕೊಂಡಿತ್ತು. ಬಿಚ್ಚಿ ವಿನೆಗರ್‌ನಲ್ಲಿ ಅರ್ಧ ಗಂಟೆ ನೆನೆಸಿ, ತೊಳೆದು ಕೂರಿಸಿ, ಲಿವರ್ ನಾಲ್ಕು ಸಲ ಎತ್ತಿ ಬಿಟ್ಟೆ. ತಿಂಗಳಿಗೊಂದು ಸಲ ಹೀಗೆ ಎತ್ತಿ ಅಂತ ಸೊಸೆಗೆ ತೋರಿಸಿಕೊಟ್ಟೆ. ಗೀಸರ್ ಹಾಕಿ ಕಾದೆವು. ಕಾಫಿ ಬಂತು. ಇಪ್ಪತ್ತು ನಿಮಿಷ ಆಗಿರಬೇಕು, ಅಜ್ಜಿ ಬಚ್ಚಲ ಬಾಗಿಲಲ್ಲಿ ನಿಂತು ಕೂಗಿದರು, "ಬತ್ತಾ ಅದೆ ಬನ್ರಪ್ಪ."